ಬಿಡುವಿನ ಅರ್ಜಿ

“ಇದರ ಬೆನ್ನು ಮುರಿದವರು ನೀವೇನಾ?”

ಗ್ರಂಥಾಲಯದ ನೆಲಮಾಳಿಗೆಯ ಬಾಗಿಲಲ್ಲಿ ನಿಂತಿದ್ದ ಅವಳು ಬೆಚ್ಚಿ ಹಿಂದೆ ತಿರುಗಿದಳು. ಹಿಂದೆ ಯಾರೂ ಇರಲಿಲ್ಲ. ಅಂದರೆ ಪ್ರಶ್ನೆ ತನಗೇ. ಮೇಜಿನಾಚೆ ಮೊಣಕೈವರೆಗೆ ಅಂಟು ಮೆತ್ತಿಕೊಂಡ ಯುವಕನೊಬ್ಬ, ಅವಳು ಬೆಳಿಗ್ಗೆ ಮೇಲಿನ ಕೌಂಟರಿನಲ್ಲಿ ಹಿಂದಿರುಗಿಸಿದ್ದ ಸಂಖ್ಯಾಶಾಸ್ತ್ರದ ದಪ್ಪ ಪುಸ್ತಕವನ್ನು ಗಾಯಗೊಂಡ ಹಕ್ಕಿಯಂತೆ ಎರಡು ಕೈಯಲ್ಲೂ ಹಿಡಿದು ಕೂತಿದ್ದ. ಹರಿದ ಪುಸ್ತಕ ಹೊಲಿದು ಅಂಟಿಸುವ ಇವನನ್ನು ಕಾಲೇಜಿಗೆ ಕಾಲೇಜೇ ‘ಗೋಂದು’ ಎಂದು ಕರೆಯುತ್ತಿತ್ತು.

“ಮುರಿದಿಲ್ಲ. ತಲೆದಿಂಬು ಮಾಡ್ಕೊಂಡಿದ್ದೆ, ಅಷ್ಟೇ.”

“ಗೊತ್ತಾಯ್ತು ಬಿಡಿ. ನಲವತ್ತಮೂರನೇ ಪುಟದವರೆಗೆ ಬೆರಳಿನ ಗುರುತಿದೆ. ಅಲ್ಲಿಂದಾಚೆ ಪಾಪ, ಗಾಳಿಯೂ ಸೋಕಿಲ್ಲ.”

ಅವನ ತುಟಿ ನಗಲಿಲ್ಲ. ಕಣ್ಣುಗಳು ಮಾತ್ರ ನಕ್ಕವು. ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳೇನೋ. ಇವತ್ತು ಅವಳು ಬಂದದ್ದು ಕಾಲೇಜು ಬಿಡುವುದಕ್ಕೆ.

ನಾಲ್ಕು ಸೆಮಿಸ್ಟರ್ ಮುಗಿದಿದ್ದವು, ಎರಡು ಉಳಿದಿದ್ದವು. ಫೇಲಾಗಿರಲಿಲ್ಲ. ಯಾರೂ ಬೈದಿರಲಿಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಕತೆ ಹೇಳುವಾಗ ಅವಳು ಹೂಂಗುಟ್ಟುತ್ತಿರಬೇಕಿತ್ತು; ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ಈಗ ಮೇಷ್ಟ್ರು ಬೋರ್ಡಿನ ತುಂಬ ಬರೆಯುತ್ತಲೇ ಇದ್ದರು. ಅವಳೊಳಗಿನ ಹೂಂ ನಿಂತು ಎಷ್ಟು ದಿನವಾಗಿತ್ತೋ, ಅವಳಿಗೇ ಲೆಕ್ಕವಿರಲಿಲ್ಲ.

ಆಫೀಸಿನ ಗುಮಾಸ್ತರು ಹೇಳಿದ್ದಿಷ್ಟು: ಬಿಳಿ ಹಾಳೆಯಲ್ಲಿ ಕೈಯಾರೆ ಅರ್ಜಿ ಬರೆದು, ಪುಸ್ತಕ ಸರಿಯಾಗಿ ಬಂದಿದೆಯೆಂದು ಗೋಂದುವಿನ ಸಹಿ ಹಾಕಿಸಿ, ಶುಕ್ರವಾರದೊಳಗೆ ಕೊಡಬೇಕು. ಇದು ಸೋಮವಾರ.

“ಅಂಟು ಒಣಗದೆ ಸಹಿ ಹಾಕಲ್ಲ,” ಎಂದ ಅವನು ಅರ್ಜಿ ತೆಗೆದುಕೊಂಡು. “ನಾಳೆ ಬನ್ನಿ, ಮೇಡಂ.”

ಮಂಗಳವಾರ ಹೋದಾಗ ಪುಸ್ತಕ ಎರಡು ಇಟ್ಟಿಗೆಗಳ ಕೆಳಗೆ ಮಲಗಿತ್ತು.

“ಇನ್ನೂ ಹಸಿ,” ಎಂದ ಅವನು, ತಲೆಯೆತ್ತದೆ. “ಸುಮ್ನೆ ನಿಂತಿರೋ ಬದಲು ಈ ಸೂಜಿಗೆ ದಾರ ಪೋಣಿಸಿ ಕೊಡ್ತೀರಾ?”

ಒಂದು ಸೂಜಿ ಹತ್ತಾಯಿತು. ಬಿಡಿಬಿಡಿಯಾಗಿದ್ದ ಹಾಳೆಗಳು ಒಂದಕ್ಕೊಂದು ಸೇರಿ ಮತ್ತೆ ಪುಸ್ತಕವಾಗುವುದನ್ನು ಅವಳು ಕಣ್ಣರಳಿಸಿ ನೋಡಿದಳು. ಅವನ ಎಡಗಿವಿಯ ತುದಿಯಲ್ಲಿ ಅಂಟಿನ ಚುಕ್ಕೆಯೊಂದು ಒಣಗಿ ಕೂತಿತ್ತು. ಅದನ್ನೂ ನೋಡಿದಳು, ಬೇಕಾದ್ದಕ್ಕಿಂತ ತುಸು ಹೆಚ್ಚೇ.

“ಕಿವಿಗೂ ಬೈಂಡಿಂಗ್ ಆಗಿದೆಯಾ?”

ಅವನು ಗಡಿಬಿಡಿಯಲ್ಲಿ ಬಲಗಿವಿ ಒರೆಸಿಕೊಂಡ. ಎಷ್ಟೋ ತಿಂಗಳ ಮೇಲೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೊರಗೆ ಬಂದಾಗ ಎರಡು ಗಂಟೆ ಕಳೆದಿತ್ತು.

ಬುಧವಾರ ಅವನು ಇರಲಿಲ್ಲ. ತಡೆಯಲಾರದೆ ಇಟ್ಟಿಗೆ ಎತ್ತಿ ಪುಸ್ತಕ ತೆರೆದಳು. ಒಳಗೆ ಪೆನ್ಸಿಲಿನ ಪುಟ್ಟ ಅಕ್ಷರ: ‘ಸೋಮವಾರ ಅಂಟಿಸಿದೆ. ಮಂಗಳವಾರ ಬೆಳಿಗ್ಗೆ ಒಣಗಿದೆ.’

ಬಾಗಿಲಲ್ಲಿ ಅವನು. ಕೈಯಲ್ಲಿ ಎರಡು ಲೋಟ ಚಹ.

“ಸುಳ್ಳುಗಾರ! ನಿನ್ನೆ ಬೆಳಿಗ್ಗೆನೇ ಒಣಗಿದೆ! ನನ್ನ ಬದುಕು ನಿಮಗೆ ಆಟದ ಸಾಮಾನಾ?”

ಅವನ ಮುಖ ಕಪ್ಪಿಟ್ಟಿತು. ಲೋಟ ಇಟ್ಟು, ಡ್ರಾಯರಿನಿಂದ ಅರ್ಜಿ ತೆಗೆದು ಮುಂದೆ ಹಿಡಿದ. “ಸಹಿ ನಿನ್ನೆನೇ ಹಾಕಿದ್ದೀನಿ. ಕೊಡೋಕೆ ಕೈ ಬರ್ಲಿಲ್ಲ. ನೀವು ಬರೆದದ್ದನ್ನ ಒಂದ್ಸಲ ಓದಿ.”

ಓದಿದಳು. ‘...ಆದ್ದರಿಂದ ನನಗೆ ಕಾಲೇಜಿನಿಂದ ಬಿಡುವು ಕೊಡಬೇಕಾಗಿ ಕೇಳಿಕೊಳ್ಳುತ್ತೇನೆ.’

ಬಿಡುಗಡೆ ಎಂದು ಬರೆಯಹೊರಟಿದ್ದಳು. ಕೈ ಬಿಡುವು ಎಂದು ಬರೆದಿತ್ತು.

“ತಪ್ಪು ಬರೆದ್ರೋ, ಸರಿಯಾಗೇ ಬರೆದ್ರೋ ತಿಳೀಲಿಲ್ಲ,” ಎಂದ ಅವನು. “ಕೇಳೋಕೆ ಧೈರ್ಯ ಸಾಲ್ಲಿಲ್ಲ. ಆಮೇಲೆ... ನೀವು ಇನ್ನೊಂದು ದಿನ ಬರ್ಲಿ ಅನ್ನಿಸ್ತು. ಅದು ನನ್ನ ತಪ್ಪೇ. ಕ್ಷಮಿಸಿ.”

ಅವಳು ಅರ್ಜಿ ಮಡಚಿ ಚೀಲಕ್ಕೆ ಹಾಕಿದಳು. ಕಿವಿ ಬಿಸಿಯಾಗಿತ್ತು.

“ನಾನೂ ಎರಡನೇ ವರ್ಷದಲ್ಲಿ ಕಾಲೇಜು ಬಿಟ್ಟವನೇ. ಬಿಟ್ಟಿದ್ದಕ್ಕೆ ಬೇಜಾರಿಲ್ಲ, ಈ ಕೆಲಸ ನಂಗಿಷ್ಟ. ಆದ್ರೆ ಯಾರಿಗೂ ಹೇಳ್ದೆ ಕದ್ದು ಓಡಿದೆ ನೋಡಿ, ಅದು ಇವತ್ತಿಗೂ ಚುಚ್ಚುತ್ತೆ. ಹೋಗೋದಾದ್ರೆ ಹೋಗಿ. ಮನೇಲಿ ಹೇಳಿ ಹೋಗಿ.”

ಮನೆಯಲ್ಲಿದ್ದದ್ದು ಅಜ್ಜಿ ಒಬ್ಬಳೇ. ಸಂಜೆ ಅವಳ ಮಡಿಲಲ್ಲಿ ತಲೆಯಿಟ್ಟು ಎಲ್ಲ ಹೇಳಿಬಿಟ್ಟಳು, ಅಂಟಿನ ಚುಕ್ಕೆಯೊಂದನ್ನು ಬಿಟ್ಟು.

“ಅಯ್ಯೋ ಚಿಟ್ಟೆ, ಇದಕ್ಕಾ ಇಷ್ಟು ಸೊರಗಿದ್ದು?” ಅಜ್ಜಿ ಕೂದಲಲ್ಲಿ ಬೆರಳಾಡಿಸಿದಳು. “ನಿನಗೆ ಅರ್ಧ ಕತೇಲಿ ನಿದ್ದೆ ಬರ್ತಿತ್ತು. ಹೂಂ ಅನ್ನಲಿಲ್ಲ ಅಂತ ನಾನೇನು ರಾಜಕುಮಾರೀನ ಸಾಯಿಸಿಬಿಡ್ತಿದ್ನಾ? ಇದ್ದಲ್ಲೇ ಕೂರಿಸ್ತಿದ್ದೆ. ಮಾರನೇ ದಿನ ನೀನೇ ಬಂದು ಕೇಳ್ತಿದ್ದೆ, ಆಮೇಲೇನಾಯ್ತಜ್ಜಿ ಅಂತ.”

“ಕೇಳದೇ ಹೋದ್ರೆ?”

“ಬೇರೆ ಕತೆ ಹೇಳ್ತಿದ್ದೆ. ಕತೆಗೇನು ಬರವಾ?” ಅಜ್ಜಿ ತುಸು ಬಾಗಿದಳು. “ಅದಿರಲಿ. ಆ ಅಂಟಿನವನು ನೋಡೋಕೆ ಹೇಗಿದ್ದಾನೆ?”

“ಅಜ್ಜೀ!”

ಗುರುವಾರ ಗುಮಾಸ್ತರು ಅರ್ಜಿ ಓದಿ ಕನ್ನಡಕ ಮೇಲೇರಿಸಿದರು. “ಬಿಡುವು ಅಂತಿದೆಯಲ್ಲಮ್ಮ. ಮೊನ್ನೆ ಬಿಟ್ಟೇ ಹೋಗ್ತೀನಿ ಅಂದಿದ್ದೆ?”

“ಬಿಡುವೇ ಸರ್. ಒಂದು ಸೆಮಿಸ್ಟರ್.”

“ಸರಿ. ಆರು ತಿಂಗಳು ಸೀಟು ನಿಂದೇ ಇರುತ್ತೆ. ಆಮೇಲೆ ಬರೋದು ಬಿಡೋದು ನಿನ್ನಿಷ್ಟ.” ಢಬ್ ಎಂದು ಮುದ್ರೆ ಬಿತ್ತು.

ಇಷ್ಟೇ! ಇದಕ್ಕಾಗಿ ಎಷ್ಟು ಬೆಳಗುಗಳನ್ನು ಕಲ್ಲಿನ ಹಾಗೆ ಎದೆಯ ಮೇಲೆ ಹೊತ್ತಿದ್ದಳು! ಮೆಟ್ಟಿಲನ್ನು ಎರಡೆರಡಾಗಿ ಇಳಿದಳು. ಮನೆಗೆ ಹೋಗುವ ಬಾಗಿಲು ಬಂತು. ಕಾಲು ಇನ್ನೂ ಕೆಳಗಿಳಿಯುತ್ತಲೇ ಇತ್ತು.

ನೆಲಮಾಳಿಗೆಯಲ್ಲಿ ಅವನು ಅವಳ ಮುಖವನ್ನೇ ಓದಲು ನೋಡಿದ. ನಲವತ್ತಮೂರನೇ ಪುಟದಲ್ಲಿ ನಿಲ್ಲುವವನಂತೆ ಕಾಣಲಿಲ್ಲ.

“ಬಿಡುಗಡೆನಾ?” ಎಂದ ಮೆಲ್ಲಗೆ.

“ಬಿಡುವು.”

ಅವನು ಹಿಡಿದಿದ್ದ ಉಸಿರು ಬಿಟ್ಟ ರಭಸಕ್ಕೆ ಮೇಜಿನ ಮೇಲಿನ ಹಾಳೆಗಳು ಹಾರಿದವು. ಇಬ್ಬರೂ ನೆಲಕ್ಕೆ ಕೂತು ಹೆಕ್ಕಿದರು. ಒಂದೇ ಹಾಳೆಗೆ ಎರಡು ಕೈ ಬಂದವು. ಎರಡೂ ಹಿಂದೆ ಸರಿಯಲಿಲ್ಲ.

“ಆರು ತಿಂಗಳು ಏನ್ಮಾಡ್ತೀರಿ?”

“ಮೊದಲು ಕಣ್ತುಂಬ ನಿದ್ದೆ. ಆಮೇಲೆ ಯಾರಾದ್ರೂ ಹೊಲಿಗೆ ಕಲಿಸಿದ್ರೆ, ಪುಸ್ತಕಗಳ ಬೆನ್ನು ಸರಿಮಾಡ್ತೀನಿ. ಒಂದನ್ನ ಮುರಿದವಳು ನಾನೇ ಅಲ್ವಾ?” ಎಂದವಳು ಕೈಚಾಚಿ, ಅವನ ಎಡಗಿವಿಯ ಚುಕ್ಕೆಯನ್ನು ಉಗುರಿನಿಂದ ಮೆಲ್ಲಗೆ ಕಿತ್ತಳು. “ಮಂಗಳವಾರದಿಂದ ಇದೇ ಕಿವೀಲಿದೆ, ಮಾರಾಯ್ರೇ.”

ಅವನ ಎರಡೂ ಕಿವಿ ಕೆಂಪಾದವು.

“ನಂಗೆ ಹೇಳೋಕೆ ಬರಲ್ಲ... ಕತೆ ಥರ ಹೇಳ್ಲಾ? ಒಂದೂರಲ್ಲಿ ಒಬ್ಬ ಗೋಂದು ಇದ್ನಂತೆ. ಯಾರನ್ನೂ ಹಿಡಿದಿಟ್ಟುಕೊಳ್ಳೋ ಆಸೆ ಅವನಿಗಿರ್ಲಿಲ್ವಂತೆ. ಒಂದು ಸೋಮವಾರ ಬಾಗಿಲಲ್ಲಿ ಒಬ್ಳು ಬಂದು ನಿಂತ್ಲಂತೆ...”

ಅವನು ನಿಲ್ಲಿಸಿ ಕಾದ.

ಅವಳೊಳಗೆ, ಬಹಳ ದಿನದಿಂದ ಮಲಗಿದ್ದ ಏನೋ ಒಂದು ಮಗ್ಗುಲು ಬದಲಿಸಿ ಕಣ್ಣುಬಿಟ್ಟಿತು.

“ಹೂಂ,” ಎಂದಳು. “ಆಮೇಲೆ?”