ಲೊರೇನ್ ಕೈ ಹಿಡಿದವನು

ತವೆಯುನಿ ದ್ವೀಪದಲ್ಲಿ ಕಡಲಾಳಕ್ಕೆ ಮುಳುಗುವವರ ದೋಣಿ ನಡೆಸುವವಳು ನಾನು, ಕಂಡದ್ದನ್ನಷ್ಟೇ ಬರೆಯುತ್ತೇನೆ. ಅಂದು ಬೆಳಿಗ್ಗೆ ನಮ್ಮ ಗೈಡ್ ವೈಸಾಕೆ ಕಿವಿನೋವು ತಾಳದೆ ಎಲ್ಲರನ್ನೂ ಸನ್ನೆ ಮಾಡಿ ಮೇಲೆ ಕರೆತಂದ. ಮುಳುಗಲು ಬಂದಿದ್ದವರಲ್ಲಿ ಲೊರೇನ್ ಎಂಬ ಹುಡುಗಿ ಮಾತ್ರ ಮೇಲೆ ಬರಲಿಲ್ಲ. ಅವನು ಮತ್ತೆ ನೀರಿಗಿಳಿಯುವ ಮೊದಲೇ ಅವಳೇ ಏದುಸಿರು ಬಿಡುತ್ತ ಮೇಲೆದ್ದಳು. ದೋಣಿಗೆ ಹತ್ತಿಸಲು ಅವಳ ಎರಡೂ ಕೈ ಹಿಡಿದೆ, ಎಡಗೈ ಬೆಚ್ಚಗಿತ್ತು, ಬಲಗೈ ಮಂಜುಗಡ್ಡೆಯಂತಿತ್ತು.

"ಸಿಲಿಂಡರಲ್ಲಿ ಗಾಳಿ ಎಷ್ಟಿದೆ ಅಂತ ನೋಡ್ಕೋಬಾರ್ದೇನೇ?" ಎಂದು ಗದರಿದೆ.

"ಯಾವಾಗ್ಲೂ ವೈಸಾಕೆನೇ ನೋಡ್ತಾನಲ್ಲ, ಅಜ್ಜಿ."

"ನಿನ್ನ ಉಸಿರೂ ಅವನೇ ಎಳೀತಾನಾ?"

ಲೊರೇನ್ ನಗಲಿಲ್ಲ. "ಅವನು ನನ್ನ ಬಲಗೈ ಹಿಡ್ಕೊಂಡು ಆಳಕ್ಕೆ ಕರ್ಕೊಂಡು ಹೋಗ್ತಾನೇ ಇದ್ದ. ಇವತ್ತು ಯಾಕೋ ನಾನೇ ಮೀಟರ್ ನೋಡ್ದೆ, ಗಾಳಿ ಮುಗೀತಾ ಬಂದಿತ್ತು. ಕೈ ಕಿತ್ಕೊಂಡು ಬಂದೆ."

"ನಾನಿಲ್ಲೇ ಇದ್ನಲ್ಲಕ್ಕಾ," ಎಂದ ವೈಸಾಕೆ.

ಆಗ ದೋಣಿಯ ಅಡಿಯಲ್ಲಿ ಯಾರೋ ಸಿಲಿಂಡರ್ ತಟ್ಟಿದರು, ಹಿಂದುಳಿದವರನ್ನು ವೈಸಾಕೆ ಕರೆಯುವ ಹಾಗೆ. ಇಳಿದವರೆಲ್ಲ ದೋಣಿಯಲ್ಲೇ ಇದ್ದರು.