ಪ್ರೆಸ್ಸಿನೊಳಗೆ ಪುಕ್ಕಟೆ ಆಕ್ಟಿವೇಟರ್

ಪೇಪರ್ ಕತ್ತರಿಸುವ ಮಷೀನಿನ ಬ್ಲೇಡ್ ಕೆಳಗೆ ಒಂದು ಕೈ ಇತ್ತು.

ನನ್ನದಲ್ಲ... ಅಷ್ಟರ ಮಟ್ಟಿಗೆ ಸಮಾಧಾನ!

ಅದು ಪ್ರೆಸ್ ಓನರ್‌ನ ಭಾವಮೈದುನನ ಕೈ. ಮಣಿಕಟ್ಟು ಹಿಡಿದು ಅದುಮಿದ್ದವನು ಓನರ್. ಅವನ ಇನ್ನೊಂದು ಕೈ ಸ್ವಿಚ್ ಮೇಲೆ. ನನಗೆ ಫೋನ್ ಮಾಡಿ ಕರೆಸಿದವಳು ಓನರ್ ಹೆಂಡತಿ. ಬಾಗಿಲಲ್ಲೇ ನಿಂತಿದ್ದಳು. ತಮ್ಮನ ಕೈ ಉಳಿಸಿಕೊಡಿ ಎಂದಿದ್ದಳು. ನೀವೇ ಹೇಳಿ, ಇದಕ್ಕಿಂತ ಸರಳವಾದ ಕೇಸ್ ಇದೆಯಾ?

ಇಲ್ಲಿ ಅಚ್ಚಾಗಬೇಕಿದ್ದ ಪರೀಕ್ಷೆ ಪೇಪರು ಅಚ್ಚಾಗುವ ಮೊದಲೇ ಊರೆಲ್ಲ ಮಾರಾಟವಾಗಿತ್ತು.

"ಮಾರಿದ್ದು ನೀನೇ ಅಂತ ಒಪ್ಕೋ!" ಓನರ್ ಗುಡುಗಿದ.

"ನಾನಲ್ಲ ಭಾವ... ಅಕ್ಕನಾಣೆ!"

"ಟೈಪ್ ಮಾಡಿದ್ದು ನೀನು. ಬೀಗದ ಕೈ ನಿನ್ನ ಹತ್ರ. ಇನ್ಯಾರು, ದೆವ್ವಾನಾ?"

"ಒಂದು ಗಂಟೆ ಕೊಡಿ," ಎಂದೆ ನಾನು. "ಕೈ ಎಲ್ಲೂ ಓಡಿಹೋಗಲ್ಲ."

"ನೀನ್ಯಾವನೋ?"

"ಡಿಟೆಕ್ಟಿವ್. ಕರೆಸಿದ್ದು ನಿಮ್ಮ ಮನೆಯವರು."

ಓನರ್ ನನ್ನ ಕಾಲರ್ ಹಿಡಿದು ಗೋಡೆಗೆ ಅಪ್ಪಳಿಸಿದ. ಅಟ್ಟದ ಮೇಲಿನ ಕಾಗದದ ಕಟ್ಟು ನನ್ನ ತಲೆ ಮೇಲೆ ಬಿತ್ತು. ಅಷ್ಟರಲ್ಲಿ ಭಾವಮೈದುನ ಕೈ ಎಳೆದುಕೊಂಡ. ಓನರ್ ಹೆಂಡತಿಯನ್ನೂ ಒಳಗೆ ಕರೆದು, ಶಟರ್ ಎಳೆದು ಬೀಗ ಜಡಿದ.

"ಒಂದೇ ಗಂಟೆ. ಆಮೇಲೆ ಇಬ್ಬರ ಕೈನೂ!"

ಕಂಪ್ಯೂಟರ್ ಮೂಲೆಯಲ್ಲಿತ್ತು. ಓಬಿರಾಯನ ಕಾಲದ ಸಿಸ್ಟಮ್. ಅಪ್‌ಡೇಟ್ ಬರುವುದು ನಿಂತು ವರ್ಷಗಳಾಗಿದ್ದವು. ಪ್ರೆಸ್ಸಿನ ಹಳೇ ಫಾಂಟುಗಳು ಅದರಲ್ಲಿ ಮಾತ್ರ ಓಡುತ್ತವೆ, ಅದಕ್ಕೇ ಬಿಟ್ಟಿರಲಿಲ್ಲ. ಆಂಟಿವೈರಸ್ ಆಫ್ ಆಗಿತ್ತು. ಡೌನ್‌ಲೋಡ್ ಫೋಲ್ಡರಿನಲ್ಲಿ, ಲೈಸೆನ್ಸಿಗೆ ದುಡ್ಡು ಕೊಡದೆ ಸಿಸ್ಟಮ್ ಓಡಿಸಲು ಒಂದು ಕ್ರ್ಯಾಕ್ ಮಾಡಿದ ಆಕ್ಟಿವೇಟರ್...

ನನಗೆ ಅಷ್ಟು ಸಾಕಿತ್ತು. ಓನರ್‌ಗೆ ಸಾಕಾಗುತ್ತಿರಲಿಲ್ಲ.

ಎಲ್ಲರ ಫೋನುಗಳನ್ನೂ ಮೇಜಿನ ಮೇಲೆ ಇಡಿಸಿದೆ. 'ನಾಳೆಯ ಗಣಿತ ಪೇಪರ್' ಎಂದು ಹೊಸ ಫೈಲ್ ತೆರೆದು ಟೈಪ್ ಮಾಡಿದೆ: ಒಬ್ಬನಿಗೆ ಹತ್ತು ಬೆರಳು. ಅವನ ಭಾವ ಐದು ಕತ್ತರಿಸಿದರೆ ಉಳಿಯುವುದೆಷ್ಟು?

ಸೇವ್ ಮಾಡಿ ಕೂತೆ. ಭಾವಮೈದುನ ತನ್ನ ಬೆರಳು ನೋಡಿಕೊಳ್ಳುತ್ತಿದ್ದ. ಓನರ್ ಗಡಿಯಾರ ನೋಡುತ್ತಿದ್ದ.

ಟಿಂಗ್!

ನನ್ನ ಫೋನು. ಪೇಪರ್ ಮಾರುವವರ ಗ್ರೂಪಿಗೆ ಇಲ್ಲಿಗೆ ಬರುವ ದಾರಿಯಲ್ಲೇ ಗಿರಾಕಿಯಂತೆ ಸೇರಿದ್ದೆ. ಬೆರಳಿನ ಲೆಕ್ಕ ಅಲ್ಲಿ ಮಾರಾಟಕ್ಕೆ ಬಂದಿತ್ತು. 'ನೂರಕ್ಕೆ ನೂರು ಅಸಲಿ' ಅಂತ ಬೇರೆ!

"ಇಲ್ಲಿ ಯಾರೂ ಕದ್ದಿಲ್ಲ," ಎಂದೆ. "ಆಕ್ಟಿವೇಟರ್ ಜೊತೆ ಕಳ್ಳ ಪ್ರೋಗ್ರಾಂ ಬಂದು ಕೂತಿದೆ. ಸೇವ್ ಮಾಡಿದ್ದೆಲ್ಲ ಹೊರಗೆ ಹೋಗ್ತಿದೆ. ಮೊದಲು ಆಂಟಿವೈರಸ್ ಆಫ್ ಮಾಡಿ ಅಂತ ಅದೇ ಹೇಳಿರುತ್ತೆ. ನಾಯಿ ಕಟ್ಟಿಹಾಕಿ ಅಂತ ಕಳ್ಳ ಹೇಳ್ದ, ನೀವು ಕಟ್ಟಿಹಾಕಿದ್ರಿ. ಇದನ್ನ ಹಾಕಿದ್ದು ಯಾರು?"

ಓನರ್ ಬೆವರು ಒರೆಸಿಕೊಂಡ. "ಸ್ಕ್ರೀನ್ ಕಪ್ಪಾಗ್ತಿತ್ತು... ಲೈಸೆನ್ಸ್ ಕೇಳ್ತಿತ್ತು... ಇದು ಪುಕ್ಕಟೆ ಸಿಕ್ತು. ನಾನೇ ಹಾಕ್ದೆ."

ಭಾವಮೈದುನ ನಿಟ್ಟುಸಿರು ಬಿಟ್ಟ. ಸ್ವಲ್ಪ ಬೇಗನೇ ಬಿಟ್ಟ.

"ಆದ್ರೂ ಪರೀಕ್ಷಾ ಬೋರ್ಡಿನವರಿಗೆ ಯಾರದಾದ್ರೂ ಹೆಸರು ಕೊಡ್ಬೇಕಲ್ಲ," ಎಂದ ಓನರ್. "ಕಂಪ್ಯೂಟರ್ ಜೈಲಿಗೆ ಹೋಗಲ್ಲ. ಇವನ ಹೆಸರೇ ಇರ್ಲಿ ಬಿಡಿ. ಮನೆ ಹುಡುಗ, ಅಡ್ಜಸ್ಟ್ ಮಾಡ್ಕೋತಾನೆ."

ಅಷ್ಟರಲ್ಲಿ ಅಕ್ಕ ಮೇಜಿನಿಂದ ತನ್ನ ಫೋನ್ ಎತ್ತಿಕೊಂಡಿದ್ದಳು.

"ಹಲೋ, ಪರೀಕ್ಷಾ ಬೋರ್ಡಾ? ಹೆಸರು ಬರ್ಕೊಳ್ಳಿ."

ಮದುವೆಯಾದಾಗಿನಿಂದ 'ಇವರು', 'ನಮ್ಮನೆಯವರು' ಎಂದಷ್ಟೇ ಅಂದವಳು ಗಂಡನ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದಳು... ಇನಿಷಿಯಲ್ ಸಮೇತ!