ಶಿಡ್ಲಘಟ್ಟದ ಟೀವಿಗಳೆಲ್ಲ ನೀಲಿಯಾದವು

ಬಾಗಿಲ ಮೇಲೆ ಮಚ್ಚು ಬಿತ್ತು.

ಧಡ್!

ನಾನು ಬಾಗಿಲ ಕಡೆ ನೋಡಲಿಲ್ಲ. ನೋಡ್ತಿದ್ದದ್ದು ಒಂದು ಮರಳು ಗಡಿಯಾರ. ಸ್ಕ್ರೀನ್ ಮಧ್ಯೆ, ಉಗುರಿನಷ್ಟು ಗಾತ್ರದ್ದು. 'ಸ್ವಲ್ಪ ಇರಪ್ಪ, ಯೋಚನೆ ಮಾಡ್ತಿದೀನಿ' ಅಂತ ವಿಂಡೋಸ್ ತೊಂಬತ್ತೈದು ಹೇಳೋದು ಹಾಗೇ.

ಅದು ಯೋಚನೆ ಶುರು ಮಾಡಿ ಆಗಲೇ ಮ್ಯಾಚಿನಲ್ಲಿ ಒಂದು ಓವರ್ ಮುಗಿದಿತ್ತು!

"ಬಯ್ಯಪ್ಪ, ಬಾಗಿಲು ತಡೆಯಲ್ಲ ಕಣಪ್ಪ!"

ವಜೀರುನ್ನೀಸಾ ಆಪಾ ಕಬ್ಬಿಣದ ಬೀರುವನ್ನ ಬಾಗಿಲಿಗೆ ಒತ್ತಿ, ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದರು. ಐವತ್ತು ದಾಟಿದ ಹೆಂಗಸು. ಕೆಳಗೆ ರೇಷ್ಮೆ ನೂಲು ತೆಗೆಯೋ ರೀಲಿಂಗ್, ಮಹಡಿ ಮೇಲೆ ಕೇಬಲ್ ಟೀವಿ ರೂಮು. ಗಂಡ ತೀರಿಹೋದ ಮೇಲೆ ಎರಡನ್ನೂ ಒಬ್ಬರೇ ನಡೆಸ್ತಿದ್ದರು. ಅರ್ಧ ಶಿಡ್ಲಘಟ್ಟಕ್ಕೆ ಟೀವಿ ಹೋಗ್ತಿದ್ದದ್ದು ಆ ರೂಮಿನಿಂದಲೇ.

"ಏಂ ರಾ ಬಯ್ಯಪ್ಪಾ! ಹೊರಗೆ ಬರ್ತೀಯೋ, ನಾನೇ ಒಳಗೆ ಬರ್ಲೋ?"

ಆ ಗಂಟಲು ನನಗೆ ಗೊತ್ತು. ನಲ್ಲಪ್ಪ. ಚಿಂತಾಮಣಿಯಲ್ಲಿ ಕೇಬಲ್ ನಡೆಸೋ ಕೋನಪ್ಪನ ಬಲಗೈ. ಬಲಗೈಯಲ್ಲಿ ಯಾವಾಗಲೂ ಮಚ್ಚು.

"ಕೆಲಸ ಮಾಡ್ತಿದೀನಿ ನಲ್ಲಪ್ಪ. ಸ್ವಲ್ಪ ಇರು!"

ಧಡ್!

ನಾನು ಕಂಪ್ಯೂಟರ್ ರಿಪೇರಿಯವನು. ಚಿಕ್ಕಬಳ್ಳಾಪುರ ಬಸ್ ಸ್ಟ್ಯಾಂಡ್ ಹಿಂದೆ ಒಂದು ಸಣ್ಣ ಅಂಗಡಿ. ಗೌರಿಬಿದನೂರಿಂದ ಚಿಂತಾಮಣಿವರೆಗೂ ಎಲ್ಲಿ ವಿಂಡೋಸ್ ಬಿದ್ದರೂ ಎತ್ತೋದು ನಾನೇ. ಎತ್ತಿದ್ದು ಮತ್ತೆ ಬೀಳುತ್ತೆ. ಬೈಗುಳ ನನಗೆ ಬೀಳುತ್ತೆ. ಈ ಕಸುಬು ಹಿಡಿದ ಮೇಲೆ ಯಾರೂ ನನ್ನನ್ನ "ಊಟ ಆಯ್ತಾ?" ಅಂತ ಕೇಳಿದ್ದಿಲ್ಲ. "ಮತ್ತೆ ಹ್ಯಾಂಗ್ ಆಯ್ತಲ್ಲೋ!" ಅಷ್ಟೇ.

ಅವತ್ತು ಶಾರ್ಜಾದಲ್ಲಿ ಫೈನಲ್ ಮ್ಯಾಚು. ಮಧ್ಯಾಹ್ನ ಕೈವಾರದಲ್ಲಿ ಒಂದು ಪ್ರಿಂಟರ್ ಸರಿ ಮಾಡಿ, ಯಜ್ಡಿ ಬೈಕ್ ಹತ್ತಿ ಶಿಡ್ಲಘಟ್ಟಕ್ಕೆ ಹೊರಟಿದ್ದೆ. ಊರು ದಾಟಿದ್ದೇ ತಡ, ಹಿಂದೆ ಒಂದು ಜೀಪು. ಪಕ್ಕಕ್ಕೇ ಬಂತು. ನಲ್ಲಪ್ಪ ಹೊರಗೆ ತಲೆ ಹಾಕಿದ.

"ಇವತ್ತು ಆಯಮ್ಮನ ಕಂಪ್ಯೂಟರ್ ಮುಟ್ಟಬೇಡ!"

"ಯಾಕೆ?"

"ಇವತ್ತು ಟೀವಿ ಸತ್ತರೆ ನಾಳೆ ಊರೆಲ್ಲ ಕೋನಪ್ಪಣ್ಣನ ಕನೆಕ್ಷನ್! ಅದಕ್ಕೆ!"

"ಬರ್ತೀನಿ ಅಂತ ಮಾತು ಕೊಟ್ಟಿದೀನಿ."

"ಹಂಗಾದ್ರೆ ತಗೋ!"

ಜೀಪು ನನ್ನ ಮೇಲೇ ತಿರುಗಿತು! ಹ್ಯಾಂಡಲ್ ಎಳೆದೆ. ಗಾಡಿ ರಸ್ತೆ ಬಿಟ್ಟು ಹಿಪ್ಪುನೇರಳೆ ತೋಟಕ್ಕೆ ನುಗ್ಗಿತು. ಸೊಪ್ಪು ಮುಖಕ್ಕೆ ಬಡೀತು, ಕಡ್ಡಿ ಮೊಣಕೈ ಕೊಯ್ದಿತು... ಜೀಪು ಬದು ಹತ್ತಲಾರದೆ ನಿಂತಿತು. ನಾನು ನಿಲ್ಲಲಿಲ್ಲ. ಆದರೆ ಫ್ಲಾಪಿ ಡಬ್ಬ ನೀರಿನ ಕಾಲುವೆಗೆ ಬಿತ್ತು. ಎತ್ತಿಕೊಂಡೆ. ಪಂಚೆಯಲ್ಲಿ ಒರೆಸಿಕೊಳ್ಳೋಣ ಅಂದರೆ ನಾನು ಪ್ಯಾಂಟಿನವನು. ಷರ್ಟಿನಲ್ಲೇ ಒರೆಸಿದೆ.

ಕನ್ನಡ ಅಕ್ಷರದ ಫಾಂಟ್ ಇದ್ದದ್ದು ಅದರೊಳಗೇ.

ನಾನು ಆಪಾನ ಮನೆ ಸೇರಿದಾಗ ಕಂಪ್ಯೂಟರ್ ಸತ್ತಿತ್ತು. ವಿಷಯ ಏನಂದರೆ, ಡಿಶ್‌ನಿಂದ ಬಂದ ಮ್ಯಾಚು ಆ ಕಂಪ್ಯೂಟರ್ ಒಳಗೆ ಹಾದು, ಕೆಳಗಡೆ ಜಾಹೀರಾತಿನ ಸಾಲು ಅಂಟಿಸಿಕೊಂಡು ಊರಿಗೆ ಹೋಗ್ತಿತ್ತು. ಪ್ರೋಗ್ರಾಮ್ ನೆಟ್ಟಗಿದ್ದರೆ ಊರಿಗೆ ಮ್ಯಾಚು. ಪ್ರೋಗ್ರಾಮ್ ಬಿದ್ದರೆ ಊರಿಗೆ ಕಂಪ್ಯೂಟರ್‌ನ ಹಾಳು ಮುಖ! ಕಂಪ್ಯೂಟರ್ ಬಿಟ್ಟು ನೇರ ಕೊಡೋಣ ಅಂದರೆ ಅದಕ್ಕೆ ಬೇಕಾದ ವೈರಿನ ಪಿನ್ನು ಹೋದ ವಾರ ಮುರಿದಿತ್ತು. ಬೆಂಗಳೂರಿಗೆ ಹೇಳಿದ್ದೆ. ಬಂದಿರಲಿಲ್ಲ.

ವಿಂಡೋಸ್ ಮತ್ತೆ ಹಾಕಿದೆ. ವೀಡಿಯೋ ಕಾರ್ಡಿಗೂ ನೆಟ್‌ವರ್ಕ್ ಕಾರ್ಡಿಗೂ ಹಳೇ ಜಗಳ. ಒಂದನ್ನ ಕೂರಿಸಿದರೆ ಇನ್ನೊಂದು ಎದ್ದು ನಿಲ್ಲುತ್ತೆ. ನೆಟ್‌ವರ್ಕ್ ಕಾರ್ಡನ್ನೇ ಕಿತ್ತು ಬಿಸಾಕಿದೆ. ಟಾಸ್ ಹೊತ್ತಿಗೆ ಮ್ಯಾಚು ಬಂತು. ಊರು ಶಿಳ್ಳೆ ಹೊಡೀತು.

ಎರಡನೇ ಇನಿಂಗ್ಸ್, ಇಂಡಿಯಾ ಬ್ಯಾಟಿಂಗು... ಆಗ ಮೆಟ್ಟಿಲ ಮೇಲೆ ಬೂಟಿನ ಸದ್ದು. ಆಪಾ ಬಾಗಿಲು ಹಾಕಿದರು. ಫೋನ್ ಇದ್ದದ್ದು ಕೆಳಗಿನ ಮನೆಯಲ್ಲಿ. ಕೂಗಿದರೆ ಕೇಳೋರು ಯಾರು? ಊರೆಲ್ಲ ಟೀವಿ ಮುಂದೆ.

ಟೀವಿ ಮುಂದೆ! ತಲೆಯಲ್ಲಿ ಬಲ್ಬು ಹತ್ತಿತು.

"ಆಪಾ, ಜಾಹೀರಾತಿನ ಸಾಲಿನಲ್ಲೇ ಊರಿಗೆ ಹೇಳಿಬಿಡ್ತೀನಿ!"

'ಕಳ್ಳರು ಬಾಗಿಲು ಒಡೀತಿದ್ದಾರೆ, ಬೇಗ ಬನ್ನಿ' ಅಂತ ಹೊಡೆದೆ. ಸಾಲು ಹರಿಯಿತು. ಕನ್ನಡವಲ್ಲ! ಕೊಂಬು ಬಂದ ಎ, ಬಾಲ ಬಂದ ಸಿ, ತಲೆಕೆಳಗಾದ ಪ್ರಶ್ನೆ ಚಿಹ್ನೆ... ವಿಂಡೋಸ್ ಮತ್ತೆ ಹಾಕಿದಾಗ ಕನ್ನಡ ಫಾಂಟ್ ಹೋಗಿತ್ತು. ಒದ್ದೆ ಫ್ಲಾಪಿ ತುರುಕಿದೆ. ಕರ್ರ್... ಕರ್ರ್... ಮರಳು ಗಡಿಯಾರ.

ಬಾಗಿಲ ಮೇಲೆ ಮಚ್ಚು ಬಿದ್ದಾಗ ನಾನು ಇದ್ದದ್ದು ಇಲ್ಲಿ.

ಧಡ್! ಬಾಗಿಲ ಹಲಗೆ ಸೀಳಿತು. ಮಚ್ಚಿನ ತುದಿ ಒಳಗೆ ಇಣುಕಿತು.

"ಬಯ್ಯಪ್ಪ, ನೀನು ಹಿಂದಿನ ಕಿಟಕಿಯಿಂದ ಇಳಿದು ಹೋಗಪ್ಪ," ಅಂದರು ಆಪಾ. "ಇದು ನನ್ನ ಜಗಳ. ನಿನಗೆ ಹೆಂಡತಿ ಮಕ್ಕಳಿದ್ದಾರೆ."

"ಜಗಳ ನಿಮ್ಮದು ಆಪಾ. ಕಂಪ್ಯೂಟರ್ ನನ್ನದು."

ಧೈರ್ಯದ ಮಾತಲ್ಲ. ಆದರೆ ಆ ದರಿದ್ರ ಡಬ್ಬ ಒಂದು ಸಲ... ಒಂದೇ ಒಂದು ಸಲ ನನ್ನ ಮಾತು ಕೇಳದೆ ನಾನು ಹೋಗಲ್ಲ ಅನ್ನೋ ಹಟ ಬಂದುಬಿಟ್ಟಿತ್ತು!

ಫ್ಲಾಪಿ ಓದೋಕಾಗಲ್ಲ ಅಂತು ವಿಂಡೋಸ್. ಮತ್ತೆ ಪ್ರಯತ್ನಿಸಲೋ, ಬಿಡಲೋ ಅಂತ ಕೇಳಿತು. ಮತ್ತೆ ಅಂದೆ. ಓದೋಕಾಗಲ್ಲ ಅಂತು. ಮತ್ತೆ ಅಂದೆ!

ಓದೋಕಾಗಲ್ಲ!

"ನಿನ್ನ ವಂಶ ಹಾಳಾಗ!" ಸಿಪಿಯು ನೆತ್ತಿಗೆ ಗುದ್ದಿದೆ. ಕನ್ನಡ ಸಾಯಲಿ, ಇಂಗ್ಲಿಷಲ್ಲೇ ಹೇಳೋಣ. ನಾಲ್ಕು ದೊಡ್ಡ ಅಕ್ಷರ. ಹೆಲ್ಪ್! ಎಂಟರ್ ಒತ್ತಿದೆ.

ಸ್ಕ್ರೀನು ನೀಲಿಯಾಯಿತು.

ಪೂರ್ತಿ ನೀಲಿ. ಮೇಲೆ ಬಿಳೀ ಅಕ್ಷರ. ಭಯಂಕರ ತಪ್ಪಾಗಿದೆ, ಮುಂದುವರಿಯೋಕೆ ಯಾವುದಾದರೂ ಕೀ ಒತ್ತಿ. ಒತ್ತಿದೆ. ಇನ್ನೊಂದು ಒತ್ತಿದೆ. ಎಲ್ಲವನ್ನೂ ಒತ್ತಿದೆ.

ಅಲುಗಲಿಲ್ಲ.

ಆಗ ಕೇಳಿಸ್ತು ನೋಡಿ... ಏನೂ ಕೇಳಿಸಲಿಲ್ಲ! ಅಲ್ಲಿವರೆಗೂ ಬೀದಿ ಬೀದಿಯಲ್ಲಿ ಕಾಮೆಂಟರಿ, ಚಪ್ಪಾಳೆ. ಒಂದೇ ಏಟಿಗೆ ಇಡೀ ಊರು ಮೌನ. ಬಾಗಿಲಾಚೆ ಮಚ್ಚೂ ನಿಂತಿತು.

"ಏನಾಯ್ತ್ರೋ?" ಅಂದ ನಲ್ಲಪ್ಪ ತನ್ನ ಹುಡುಗರಿಗೆ.

ಉತ್ತರ ಊರು ಕೊಟ್ಟಿತು. ಮೊದಲು ಒಂದು ಕೂಗು. ಆಮೇಲೆ ಹತ್ತು. ಆಮೇಲೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ!

ಕಿಟಕಿಯಲ್ಲಿ ಇಣುಕಿದೆ. ಬೀದಿ ತುಂಬ ಜನ. ಲುಂಗಿ ಎತ್ತಿ ಕಟ್ಟಿದವರು, ಬನಿಯನ್ನಿನವರು, ರೀಲಿಂಗ್ ಬಿಟ್ಟು ಒದ್ದೆ ಕೈಯಲ್ಲೇ ಬಂದ ಹೆಂಗಸರು. ಎಲ್ಲರಿಗಿಂತ ಮುಂದೆ ಎದುರುಮನೆ ಮುನಿಶಾಮಮ್ಮ. ಕೈಯಲ್ಲಿ ರೇಷ್ಮೆ ಗೂಡು ಬೇಯಿಸೋ ಬಾಣಲೆಯ ಜಾಲರಿ ಸೌಟು. ಆಯಮ್ಮನಿಗೆ ಕ್ರಿಕೆಟ್ ಅಂದರೆ ಪ್ರಾಣ.

"ಯಾವನೋ ಅವನು ಮ್ಯಾಚ್ ನಿಲ್ಲಿಸಿದೋನು?"

ಅವರು ಬಂದದ್ದು ನಮ್ಮನ್ನ ಕಾಪಾಡೋಕಲ್ಲ. ಆಪಾನ ಬೈಯೋಕೆ, ನನ್ನನ್ನ ಹೊಡೆಯೋಕೆ! ಆದರೆ ಮೆಟ್ಟಿಲು ಹತ್ತಿದಾಗ ಮೊದಲು ಸಿಕ್ಕಿದ್ದು ಯಾರು? ನಲ್ಲಪ್ಪ. ಕೈಯಲ್ಲಿ ಮಚ್ಚು. ಹುಡುಗರ ಕೈಯಲ್ಲಿ ವೈರ್ ಕತ್ತರಿಸೋ ಕಟ್ಟರ್.

"ಕಟ್ ಮಾಡಿದೋನು ಇವನೇ ಕಣ್ರೋ!"

"ಅಯ್ಯೋ, ನಾನೇನೂ ಕಟ್ ಮಾಡಿಲ್ಲಕ್ಕಾ! ದೇವರಾಣೆ!"

ಅವನು ಹೇಳಿದ್ದು ನಿಜ. ಯಾರು ನಂಬ್ತಾರೆ?

ಸೌಟು ಮೊದಲ ಏಟು ಕೊಟ್ಟಿತು. ಆಮೇಲಿನದು ಲೆಕ್ಕ ಇಡೋಕೆ ಆಗಲಿಲ್ಲ. ಮಚ್ಚು ಮೆಟ್ಟಿಲ ಮೇಲೆ ಠಣ್ ಠಣ್ ಅಂತ ಉರುಳಿತು. ಹುಡುಗರು ಪಕ್ಕದ ಛಾವಣಿಗೆ ಹಾರಿ ಮಾಯ. ನಲ್ಲಪ್ಪನನ್ನ ಕೇಬಲ್ ವೈರಿನಲ್ಲೇ ಸುತ್ತಿ ಕೆಳಗಿಳಿಸಿದರು. ಯಾರೋ ಸ್ಟೇಷನ್ನಿಗೆ ಓಡಿದರು. ಪೊಲೀಸ್ ಜೀಪು ಬಂದು ಅವನನ್ನ ಎತ್ತಿಕೊಂಡು ಹೋಯಿತು.

ಆಪಾ ಬೀರು ಸರಿಸಿದರು. ನನ್ನ ಪಕ್ಕ ಬಂದು ಕೂತರು. ನನ್ನ ತಲೆ ಮೇಲೆ ಕೈ ಇಟ್ಟರು. "ಅಲ್ಲಾ ದೊಡ್ಡವನು. ನಿನ್ನ ಡಬ್ಬನೂ ದೊಡ್ಡದು ಕಣಪ್ಪ..."

ಹೌದೇ ಹೌದು. ಒಂದು ವಾರದಿಂದ ಹ್ಯಾಂಗ್ ಆಗಬೇಡ ಅಂತ ಬೇಡಿಕೊಂಡಿದ್ದೆ. ಅದು ನನ್ನ ಮಾತು ಕೇಳಿದ್ದರೆ ನಾವಿಬ್ಬರೂ ಇರ್ತಿರಲಿಲ್ಲ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಎರಡಕ್ಕೂ ಟೈಮ್ ಸಿಗಲಿಲ್ಲ. ಮುನಿಶಾಮಮ್ಮ ಒಳಗೆ ಬಂದರು. ಹಿಂದೆ ಇಡೀ ಬೀದಿ.

"ಬಯ್ಯಪ್ಪಾ! ಯಾವ್ದೋ ಕೀ ಒತ್ತು ಅಂತ ಬರ್ತಿದೆಯಂತೆ. ನಮ್ಮ ಟೀವಿ ಗುಂಡಿ ಎಲ್ಲಾ ಒತ್ತಿದ್ವಿ, ರಿಮೋಟೂ ಒತ್ತಿದ್ವಿ! ಏನೋ ಇದು?"

"ಒಂದು ನಿಮಿಷ ಅಕ್ಕ. ಆಫ್ ಮಾಡಿ ಆನ್ ಮಾಡ್ತೀನಿ."

ಮಾಡಿದೆ. ವಿಂಡೋಸ್ ಎದ್ದಿತು. ನನ್ನನ್ನ ಸರಿಯಾಗಿ ಆಫ್ ಮಾಡಿಲ್ಲ, ಡಿಸ್ಕ್ ಪೂರ್ತಿ ಪರೀಕ್ಷೆ ಮಾಡಬೇಕು ಅಂತು! ಹಳದಿ ಗೆರೆ ಬಸವನಹುಳದ ಹಾಗೆ ತೆವಳೋಕೆ ಶುರುವಾಯಿತು. ಶೇಕಡಾ ಮೂರು... ಶೇಕಡಾ ನಾಲ್ಕು...

"ಬೇಗ ಮಾಡೋ!"

"ನಾನಲ್ಲ ಅಕ್ಕ, ಅದು!"

"ಎಷ್ಟು ಬೇಕಿತ್ತು ಗೆಲ್ಲೋಕೆ?" ಅಂದ ಹಿಂದಿನಿಂದ ಯಾರೋ.

"ಆರೇ ಕಣೋ! ಕೈಯಲ್ಲಿ ನಾಲ್ಕು ವಿಕೆಟ್ಟು!"

ಮೂರು ಮಂಚ ಹಿಡಿಯದ ರೂಮು. ನೂರು ಜನ. ಎಲ್ಲರ ಉಸಿರು ನನ್ನ ಕುತ್ತಿಗೆ ಮೇಲೆ. ಗೆರೆ ಮುಗಿಯಿತು. ವಿಂಡೋಸ್ ಬಂತು. ಪ್ರೋಗ್ರಾಮ್ ಬಂತು. ಮ್ಯಾಚ್ ಬಂತು.

ಇಂಡಿಯಾ ಆಲ್ ಔಟ್. ಎದುರಾಳಿ ಕ್ಯಾಪ್ಟನ್ ಕಪ್ ಎತ್ತಿ ಹಿಡಿದಿದ್ದ.

ಎಲ್ಲರೂ ನಿಧಾನಕ್ಕೆ ನನ್ನ ಕಡೆ ತಿರುಗಿದರು.

ನಲ್ಲಪ್ಪ ಲಾಕಪ್ಪಿನಲ್ಲಿ ಕ್ಷೇಮವಾಗಿದ್ದ. ನಾನು ಹೊರಗಿದ್ದೆ.